ಟೆನೆರೀಫ್: ತಂಗುವುದು ಉತ್ತರದಲ್ಲೋ, ದಕ್ಷಿಣದಲ್ಲೋ?

ಟೆನೆರೀಫ್ ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ ಒಂದು. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳ ಮೋಡವನ್ನು 3,715 ಮೀಟರ್ ಎತ್ತರದ ಟೇಯ್ಡೆ ಜ್ವಾಲಾಮುಖಿ ಮತ್ತು ಸುತ್ತಲಿನ ಬೆಟ್ಟಗಳು ತಡೆಯುತ್ತವೆ. ಹಾಗಾಗಿ ಉತ್ತರ ಹಸಿರು, ದಕ್ಷಿಣ ಒಣ.

ಚಳಿಗಾಲದಲ್ಲಿ ಬಿಸಿಲು ಬೇಕು, ಜೊತೆಗೆ ಚಿಕ್ಕ ಮಕ್ಕಳಿದ್ದಾರೆ ಎಂದರೆ ದಕ್ಷಿಣದ ಲಾಸ್ ಕ್ರಿಸ್ಟಿಯಾನೋಸ್ ಸರಿ. ಅಲ್ಲಿ ಅಲೆ ಕಡಿಮೆ, ಪಕ್ಕದ ಲಾ ಗೊಮೇರಾ ದ್ವೀಪಕ್ಕೆ ಹಡಗೂ ಅಲ್ಲಿಂದಲೇ. ಕಾಡಿನ ನಡಿಗೆ, ಹಳೆಯ ಊರುಗಳು ಇಷ್ಟವಾದರೆ ಉತ್ತರದ ಪೋರ್ತೊ ದೆ ಲಾ ಕ್ರುಸ್. ಆದರೆ ಈಜಲು ಕಡಲು ಒರಟು.

ವಿಮಾನ ನಿಲ್ದಾಣಗಳೂ ಎರಡು. ಯಾವುದೆಂದು ನೋಡದೆ ಟಿಕೆಟ್ ಕೊಂಡರೆ ದ್ವೀಪ ದಾಟಿ ಹೋಗಬೇಕಾದೀತು.

ಟೇಯ್ಡೆಗೆ ಎರಡೂ ಕಡೆಯಿಂದ ರಸ್ತೆಯಿದೆ. ಕೇಬಲ್ ಕಾರು 3,555 ಮೀಟರ್‌ವರೆಗೆ ಮಾತ್ರ. ತುದಿಗೆ ಮುಂಗಡ ಪರವಾನಗಿ ಬೇಕು. ಗಾಳಿ ಜೋರಾದರೆ ಕೇಬಲ್ ಕಾರು ನಿಲ್ಲುತ್ತದೆ, ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.