ಪಿಯೆಂಜಾ ಹತ್ತಿರದ ತೋಟದ ಮನೆ: ದಿನಕ್ಕೆ ಒಂದೇ ಊರು

ಇಟಲಿಯ ವಾಲ್ ದೋರ್ಚಾ ಕಣಿವೆಯ ಒಂದು ತೋಟದ ಮನೆಯಲ್ಲಿ ಅಮ್ಮನ ಜೊತೆ ಐದು ದಿನ ಇದ್ದೆ. ಇಂಥ ಮನೆಗಳಿಗೆ ಅಲ್ಲಿ ಅಗ್ರಿತುರಿಸ್ಮೊ ಅಂತಾರೆ. ದಿನಕ್ಕೆ ಒಂದೇ ಊರು ಅಂತ ಮೊದಲೇ ತೀರ್ಮಾನ ಮಾಡಿದ್ದೆವು.

ತುಂಬಾ ಹಿಡಿಸಿದ್ದು ಬಾನ್ಯೊ ವಿನ್ಯೋನಿ. ಊರ ನಡುವೆ ಚೌಕ ಇರಬೇಕಾದ ಕಡೆ ಬಿಸಿನೀರಿನ ಕೊಳವಿದೆ, ಥೇಟ್ ನಮ್ಮ ಕಲ್ಯಾಣಿ ಥರ. ಅದಕ್ಕೆ ಇಳಿಯುವಂತಿಲ್ಲ. ಆದರೆ ನೀರು ಕೆಳಗೆ ಹರಿಯುವ ಸಣ್ಣ ಕಾಲುವೆಗಳಲ್ಲಿ ಕಾಲು ಇಳಿಬಿಟ್ಟು ಕೂರಬಹುದು. ಅಮ್ಮ ಸೀರೆ ಸ್ವಲ್ಪ ಎತ್ತಿಕೊಂಡು ಕೂತವರು ಒಂದು ಗಂಟೆ ಏಳಲೇ ಇಲ್ಲ. ಕಾಲುವೆಯ ಅಂಚಿಗೆ ಸುಣ್ಣ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು, ಬೆರಳಿಗೆ ತರಿತರಿ.

ಪಿಯೆಂಜಾ ಚಿಕ್ಕ ಊರು. ಪೋಪ್ ಎರಡನೇ ಪಯಸ್ ತಾನು ಹುಟ್ಟಿದ ಹಳ್ಳಿಯನ್ನೇ 1459ರಿಂದ ಹೊಸದಾಗಿ ಕಟ್ಟಿಸಿದ್ದು. ಅಲ್ಲಿ ಅಕ್ರೋಟಿನ ಎಲೆಯಲ್ಲಿಟ್ಟು ಮಾಗಿಸಿದ ಕುರಿಹಾಲಿನ ಪೆಕೊರಿನೊ ಚೀಸ್ ಸಿಗುತ್ತೆ. ಚೀಸ್‌ಗೆ ಹಾಲು ಹೆಪ್ಪುಗಟ್ಟಿಸೋ ರೆನೆಟ್ ಪ್ರಾಣಿಯ ಹೊಟ್ಟೆಯಿಂದ ತೆಗೆದದ್ದೂ ಇರುತ್ತೆ, ಸಸ್ಯಾಹಾರಿಗಳು ಯಾವುದು ಅಂತ ಕೇಳಿಯೇ ತಗೊಳ್ಳಿ. ಪೀಚಿ ಅನ್ನುವ ಕೈಯಲ್ಲೇ ಹೊಸೆದ ದಪ್ಪ ಪಾಸ್ತಾ, ಬೆಳ್ಳುಳ್ಳಿ ಟೊಮೆಟೊ ಸಾಸ್ ಜೊತೆ, ನಮ್ಮ ನಾಲಿಗೆಗೂ ಒಗ್ಗುತ್ತೆ.

ಊಟಕ್ಕೆ ಒಂದು ಗಂಟೆಗೇ ಹೋಗಿ. ಒಂದು ದಿನ ಮೂರಕ್ಕೆ ಹೋಗಿ ಉಪವಾಸ ಬಂದೆವು, ಅಡುಗೆಮನೆ ಮುಚ್ಚಿತ್ತು. ಬಸ್ ಕಡಿಮೆ, ಕಾರ್ ಬಾಡಿಗೆಗೆ ತಗೊಳ್ಳಲೇಬೇಕು. ವಯಸ್ಸಾದವರ ಜೊತೆ ಹೋಗುವವರಿಗೆ ಕಣ್ಣು ಮುಚ್ಚಿ ಹೇಳ್ತೀನಿ, ಹೋಗಿ ಬನ್ನಿ.