ಉಪ್ಪಿನ ಹಿಟ್ಟು, ಜೀನ್ಸ್ ಚಿಂದಿ, ಜೋಳದ ದಂಟು: ಮಕ್ಕಳ ಕ್ರಿಸ್‌ಮಸ್ ಅಲಂಕಾರಕ್ಕೆ ಯಾವುದು ಮೇಲು?

ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಕೈಯಲ್ಲೇ ಕ್ರಿಸ್‌ಮಸ್ ಮರಕ್ಕೆ ಅಲಂಕಾರ ಮಾಡಿಸಬೇಕು, ಖರ್ಚೂ ಜಾಸ್ತಿ ಆಗಬಾರದು ಅಂತಿದ್ದರೆ ಬಳ್ಳಾರಿಯಲ್ಲಿ ಜೀನ್ಸ್ ಚಿಂದಿಗಿಂತ ಒಳ್ಳೆಯ ಸಾಮಾನು ಇನ್ನೊಂದಿಲ್ಲ. ಆದರೆ ಆರು ವರ್ಷದೊಳಗಿನ ಮಕ್ಕಳ ಹತ್ತಿರ ಈ ಮಾತು ನಡೆಯಲ್ಲ, ಅವರಿಗೆ ಹಿಟ್ಟೇ ಬೇಕು. ಇನ್ನು ಹಳ್ಳಿಯಲ್ಲಿ ಅಜ್ಜನ ಹೊಲ ಇರುವವರು ಅದೃಷ್ಟವಂತರು, ಜೋಳದ ದಂಟು ಎರಡನ್ನೂ ಹಿಂದೆ ಹಾಕುತ್ತದೆ.

ಅಂಗಡಿಯಲ್ಲಿ ಮಿಂಚುವ ಪ್ಲಾಸ್ಟಿಕ್ ಚೆಂಡುಗಳು ಸಿಗುವುದಿಲ್ಲ ಅಂತಲ್ಲ. ಒಂದು ಡಬ್ಬಿ ತಂದರೆ ಅರ್ಧ ಗಂಟೆಯಲ್ಲಿ ಮರ ರೆಡಿ. ಆಮೇಲೆ ಮಕ್ಕಳು ರಜೆಯಲ್ಲಿ ಏನು ಮಾಡಬೇಕು, ಮೊಬೈಲ್ ಹಿಡಿದು ಕೂರಬೇಕು, ಅಷ್ಟೇ ಅಲ್ವಾ? ಅದಕ್ಕೇ ನಮ್ಮ ಮನೆಯಲ್ಲಿ ಒಂದೊಂದು ವರ್ಷ ಒಂದೊಂದು ಸಾಮಾನು ಇಟ್ಟುಕೊಂಡು ಕೂರುತ್ತೇವೆ. ಓಣಿಯಲ್ಲಿ ಹಬ್ಬ ಮಾಡುವ ಮನೆಗಳು ಕಡಿಮೆ, ಆದರೆ ಹಿಟ್ಟು ಕಲಸುತ್ತಾರೆ ಅಂತ ಸುದ್ದಿ ಹೋದರೆ ಸಾಕು, ಎಲ್ಲ ಮನೆಯ ಮಕ್ಕಳೂ ಹಾಜರು.

ನಾನು ನೋಡುವುದು ಮೂರೇ ವಿಷಯ. ಮಗು ದೊಡ್ಡವರ ಕೈ ಹಿಡಿಯದೆ ತಾನೇ ಮುಗಿಸುತ್ತದಾ? ಕೊಂಬೆ ಅದರ ಭಾರ ತಡೆಯುತ್ತದಾ? ಮುಂದಿನ ವರ್ಷ ಡಬ್ಬಿ ತೆಗೆದಾಗ ಅದು ಇರುತ್ತದಾ? ಕೊಂಬೆಯ ವಿಷಯ ಬಹಳ ಜನ ಮರೆಯುತ್ತಾರೆ. ಫೋಟೋಗಳಲ್ಲಿ ಕಾಣುವ ಫರ್ ಮರದ ಕೊಂಬೆ ಗಟ್ಟಿ, ಅಡ್ಡಕ್ಕೆ ಚಾಚಿಕೊಂಡಿರುತ್ತದೆ. ನಮ್ಮ ಕಡೆ ತರುವುದು ಸರ್ವೆ ಮರದ ಕೊಂಬೆ. ಅದರ ತುದಿ ಎಳೆ ಎಳೆಯಾಗಿ ಜೋಲುತ್ತದೆ, ಸ್ವಲ್ಪ ಭಾರ ಬಿದ್ದರೆ ನೆಲ ನೋಡುತ್ತದೆ. ತಂತಿ ಕೊಂಬೆಯ ಸಣ್ಣ ಪ್ಲಾಸ್ಟಿಕ್ ಮರಗಳ ಕಥೆಯೂ ಅದೇ.

ಉಪ್ಪು-ಮೈದಾ ಹಿಟ್ಟಿನಿಂದ ಶುರು ಮಾಡೋಣ, ಎಲ್ಲರೂ ಮೊದಲು ಮಾಡುವುದು ಇದನ್ನೇ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಮುಕ್ಕಾಲು ಲೋಟ ನೀರು, ಬೇಕಾದರೆ ಇನ್ನೊಂದು ಚೂರು. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಬೇಕು. ಕಲ್ಲುಪ್ಪು ಬೇಡ, ಹರಳು ಹಾಗೇ ಉಳಿದು ಲಟ್ಟಿಸುವಾಗ ಹಿಟ್ಟು ಹರಿಯುತ್ತದೆ. ಕಾಲು ಇಂಚಿಗಿಂತ ತೆಳ್ಳಗೆ ಲಟ್ಟಿಸಿ, ಲೋಟದ ಬಾಯಿ, ಬಾಟಲಿ ಮುಚ್ಚಳ, ಬಿಸ್ಕತ್ ಅಚ್ಚು, ಏನಿದೆಯೋ ಅದರಲ್ಲಿ ಒತ್ತಿ. ದಾರ ಹಾಕುವ ತೂತನ್ನು ಹಸಿ ಇದ್ದಾಗಲೇ ಖಾಲಿ ರೀಫಿಲ್‌ನಿಂದ ಮಾಡಿಬಿಡಿ, ಒಣಗಿದ ಮೇಲೆ ಚುಚ್ಚಲು ಹೋದರೆ ಬಿಲ್ಲೆ ಎರಡು ಹೋಳು.

ಓವನ್ ಇದ್ದವರು 100 ರಿಂದ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಡುತ್ತಾರೆ. ಅವಸರಕ್ಕೆ ಬಿಸಿ ಜಾಸ್ತಿ ಮಾಡಿದರೆ ಒಳಗಿನ ನೀರು ಆವಿಯಾಗಿ ಪೂರಿಯ ಥರ ಉಬ್ಬುತ್ತದೆ. ನಮಗೆ ಓವನ್ ಯಾಕೆ ಬೇಕು, ಮಾಳಿಗೆ ಇಲ್ವಾ? ಡಿಸೆಂಬರ್ ಒಣ ಹವೆಗೆ ಎರಡು ಮೂರು ಬಿಸಿಲು ಸಾಕು, ದಿನಕ್ಕೊಂದು ಸಲ ಮಗುಚಿ ಹಾಕಬೇಕು, ಇಲ್ಲದಿದ್ದರೆ ಅಂಚು ಮೇಲೆದ್ದು ಬಾಗುತ್ತದೆ. ಈ ಒಂದು ವಿಷಯದಲ್ಲಿ ಬೆಂಗಳೂರು, ಮಂಗಳೂರಿನವರಿಗಿಂತ ನಾವೇ ಮುಂದೆ. ಮೈದಾ, ಉಪ್ಪು ಒಂದೊಂದು ಕೆಜಿ ತಂದರೂ ನೂರು ರೂಪಾಯಿ ಒಳಗೆ ಮುಗಿಯುತ್ತದೆ, ಇಡೀ ಓಣಿಗೆ ಸಾಕಾಗುತ್ತದೆ.

ಮಕ್ಕಳಿಗೆ ಇದರಷ್ಟು ಇಷ್ಟ ಆಗುವುದು ಬೇರೆ ಇಲ್ಲ, ಅದು ನಿಜ. ನಾಲ್ಕು ವರ್ಷದ ಹುಡುಗಿ ಕೂಡ ಹಿಟ್ಟನ್ನು ಹಾವಿನಂತೆ ಹೊಸೆದು, ಸುರುಳಿ ಸುತ್ತಿ, ಇದು ದೇವದೂತ ಅಂತ ಕೊಡುತ್ತಾಳೆ. ಆದರೆ ಭಾರ! ಅಂಗೈ ಅಗಲದ ಬಿಲ್ಲೆ ನಾಲ್ಕು ತೂಗುಹಾಕಿದರೆ ಸರ್ವೆ ಕೊಂಬೆ ಸೋತುಹೋಗುತ್ತದೆ. ರೂಪಾಯಿ ನಾಣ್ಯಕ್ಕಿಂತ ಚೂರು ದೊಡ್ಡದು ಮಾಡಿಸಿದರೆ ಸರಿ. ಇನ್ನೊಂದು ತೊಂದರೆ ಮಳೆಗಾಲ. ಉಪ್ಪು ಗಾಳಿಯಲ್ಲಿನ ತೇವ ಹೀರುತ್ತದೆ, ಜುಲೈನಲ್ಲಿ ಡಬ್ಬಿ ತೆಗೆದು ನೋಡಿದರೆ ಬಿಲ್ಲೆಗಳು ಬೆವರಿರುತ್ತವೆ, ಬಣ್ಣ ಪಕ್ಕದ್ದಕ್ಕೆ ಅಂಟಿರುತ್ತದೆ. ಎರಡೂ ಕಡೆ ವಾರ್ನಿಶ್ ಹೊಡೆದರೆ ತಡೆಯುತ್ತದೆ, ಆದರೆ ಇಲಿ, ಜಿರಲೆಗೆ ವಾರ್ನಿಶ್ ಲೆಕ್ಕಕ್ಕಿಲ್ಲ. ನಾಯಿ ಸಾಕಿದವರು ಇದನ್ನು ಕೆಳಗಿನ ಕೊಂಬೆಗೆ ಕಟ್ಟಲೇಬೇಡಿ. ಅಷ್ಟೊಂದು ಉಪ್ಪು ನಾಯಿಯ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ.

ಅಡುಗೆ ಸೋಡಾ ಹಿಟ್ಟನ್ನು ಇದರ ಅಣ್ಣ ಅಂತಾರೆ. ಎರಡು ಪಾಲು ಅಡುಗೆ ಸೋಡಾ, ಒಂದು ಪಾಲು ಕಾರ್ನ್‌ಫ್ಲೋರ್, ಒಂದೂಕಾಲು ಪಾಲು ನೀರು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು, ಗಟ್ಟಿಯಾದ ಮೇಲೆ ಒದ್ದೆ ಬಟ್ಟೆ ಮುಚ್ಚಿ ಆರಿಸಬೇಕು. ಬಿಳುಪು ಚೆನ್ನಾಗಿ ಬರುತ್ತದೆ, ಮೈ ನುಣುಪು, ಬಣ್ಣ ಹಚ್ಚದಿದ್ದರೂ ನಡೆಯುತ್ತದೆ. ಆದರೆ ಒಲೆ ಕೆಲಸವೆಲ್ಲ ನಮ್ಮದು, ಮಕ್ಕಳು ಕಾಯುತ್ತಾ ಕೂರಬೇಕು. ಬಿಸಿಲಿಗಿಟ್ಟರೆ ಬಿರುಕು, ನೆರಳಲ್ಲೇ ಒಣಗಿಸಬೇಕು, ಅಂದರೆ ನಮ್ಮ ಬಿಸಿಲು ಇದಕ್ಕೆ ಉಪಯೋಗವಿಲ್ಲ. ಖರ್ಚೂ ಉಪ್ಪು-ಮೈದಾಕ್ಕಿಂತ ಜಾಸ್ತಿ. ಬಟ್ಟೆ ಒಗೆಯುವ ಸೋಡಾ ಬೇರೆ, ಅದು ಕೈ ಸುಡುತ್ತದೆ, ಕಿರಾಣಿ ಅಂಗಡಿಯಲ್ಲಿ ಸುಮ್ನೆ ಸೋಡಾ ಅನ್ನದೆ ಅಡುಗೆ ಸೋಡಾ ಅಂತ ಬಿಡಿಸಿ ಕೇಳಿ. ನನ್ನ ಮಟ್ಟಿಗೆ ಇದು ದೊಡ್ಡವರಿಗೆ ಚಂದ, ಮಕ್ಕಳಿಗೆ ಬೋರು.

ಈಗ ಜೀನ್ಸ್. ಬಳ್ಳಾರಿ ಜೀನ್ಸ್ ಊರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೌಲ್ ಬಜಾರ್ ಕಡೆ ಹೋದರೆ ಹೊಲಿಗೆ ಘಟಕಗಳ ಹೊರಗೆ ಕತ್ತರಿಸಿ ಉಳಿದ ಚಿಂದಿಯ ಮೂಟೆಗಳು ಕಾಣುತ್ತವೆ. ಮಕ್ಕಳ ಕೆಲಸಕ್ಕೆ ಅಂದರೆ ಒಂದು ಚೀಲ ತುಂಬಿ ಕೊಡುತ್ತಾರೆ. ಇಲ್ಲವೇ ಮನೆಯಲ್ಲೇ ಮೊಳಕಾಲು ಹರಿದ ಪ್ಯಾಂಟ್ ಇದ್ದೇ ಇರುತ್ತದೆ.

ಈ ಬಟ್ಟೆಯಲ್ಲಿ ಮಕ್ಕಳಿಗೆ ತೋರಿಸಲೇಬೇಕಾದ ಒಂದು ಗಮ್ಮತ್ತಿದೆ. ಜೀನ್ಸ್ ನೇಯುವಾಗ ಉದ್ದ ನೂಲು ನೀಲಿ, ಅಡ್ಡ ನೂಲು ಬಿಳಿ. ಅದಕ್ಕೇ ಮೇಲುಗಡೆ ನೀಲಿ, ಒಳಗಡೆ ಮಾಸಲು ಬಿಳಿ ಕಾಣುವುದು. ಎರಡು ಇಂಚಿನ ಚೌಕ ತುಂಡು ತಗೊಂಡು, ಒಂದು ಅಂಚಿನಿಂದ ನೀಲಿ ನೂಲನ್ನು ಸೂಜಿ ಮೊನೆಯಿಂದ ಎತ್ತಿ ಒಂದೊಂದಾಗಿ ಎಳೆಯಿರಿ. ಹತ್ತು ಹನ್ನೆರಡು ನೂಲು ಬರುವಷ್ಟರಲ್ಲಿ ಆ ಅಂಚಿಗೆ ಅಚ್ಚ ಬಿಳಿ ಕುಚ್ಚು ಇಳಿಬಿದ್ದಿರುತ್ತದೆ. ಪಕ್ಕದ ಅಂಚಿನಲ್ಲಿ ಬಿಳಿ ನೂಲು ಎಳೆದರೆ ನೀಲಿ ಕುಚ್ಚು. ಎಂಟು ವರ್ಷದ ಹುಡುಗ ಇದನ್ನು ಕಂಡುಹಿಡಿದ ಮೇಲೆ ಊಟಕ್ಕೆ ಕರೆದರೂ ಏಳಲಿಲ್ಲ. ಹಿಮ ಅಂದರೆ ಏನು ಅಂತ ನೋಡದ ಊರಿನಲ್ಲಿ ನೀಲಿ ನಕ್ಷತ್ರದ ಅಂಚಿಗೆ ಹಿಮ ಬಿದ್ದಂತೆ ಮಾಡುವುದು ಇಷ್ಟು ಸುಲಭ. ಎಳೆದರೆ ಹಿಗ್ಗುವ ಸ್ಟ್ರೆಚ್ ಜೀನ್ಸ್ ಮಾತ್ರ ಬೇಡ, ಅದರ ಅಡ್ಡ ನೂಲು ರಬ್ಬರಿನ ಗುಣದ್ದು, ಕುಚ್ಚು ಮುದುಡಿಕೊಳ್ಳುತ್ತದೆ.

ನಕ್ಷತ್ರ ಮಾಡುವುದು ಹೀಗೆ. ಒಂದೇ ಅಳತೆಯ ಎರಡು ತುಂಡು ಕತ್ತರಿಸಿ, ಒಳಮೈಗೆ ಫೆವಿಕಾಲ್ ಹಚ್ಚಿ, ಮಧ್ಯೆ ದಾರದ ಕುಣಿಕೆ ಇಟ್ಟು ಒತ್ತಿ, ಮೇಲೊಂದು ದಪ್ಪ ಪುಸ್ತಕ ಹೇರಿ ರಾತ್ರಿ ಬಿಡಿ. ಎರಡು ಪದರ ಅಂಟಿದ ಮೇಲೆ ಮೂಲೆ ಜೋಲುವುದಿಲ್ಲ. ಉಬ್ಬಿದ ಚೆಂಡು, ಹೃದಯ ಬೇಕಾದರೆ ಅಂಚಿಗೆ ಮಾತ್ರ ಅಂಟು ಹಾಕಿ ಒಳಗೆ ಅರಳೆ ತುಂಬಿ. ರಾಯಚೂರು ಕಡೆ ನೆಂಟರಿದ್ದರೆ ಅರಳೆಗೆ ದುಡ್ಡು ಕೊಡುವ ಕಥೆಯೇ ಇಲ್ಲ. ಮೇಲೆ ಗುಂಡಿ, ಮಣಿ, ಹಳೆಯ ಬಟ್ಟೆಯ ಚಿಕ್ಕ ಕನ್ನಡಿ ಬಿಲ್ಲೆ. ಸಂಡೂರಿನ ಲಂಬಾಣಿ ಕಸೂತಿ ನೋಡಿ ಬೆಳೆದವರಿಗೆ ನೀಲಿ ಬಟ್ಟೆ ಮೇಲೆ ಕನ್ನಡಿ ಎಷ್ಟು ಎದ್ದು ಕಾಣುತ್ತದೆ ಅಂತ ಗೊತ್ತು. ಸರ ದೀಪ ಹಾಕಿದಾಗ ಅಂಗಡಿಯ ಮಿಂಚಿನ ಚೆಂಡು ಇದರ ಮುಂದೆ ಸಪ್ಪೆ.

ಕೊರತೆ ಒಂದೇ, ಆದರೆ ಸಣ್ಣದಲ್ಲ. ಮಕ್ಕಳ ಕತ್ತರಿ ಜೀನ್ಸನ್ನು ಕಡಿಯುವುದಿಲ್ಲ. ಕತ್ತರಿಸುವ ಕೆಲಸ ದೊಡ್ಡವರದ್ದು, ಅದನ್ನು ಹಿಂದಿನ ದಿನವೇ ಮುಗಿಸಿ ಇಟ್ಟರೆ ಒಳ್ಳೆಯದು. ಚಿಕ್ಕವರು ನೂಲು ಎಳೆಯಲು ಹೋಗಿ ಸಿಟ್ಟು ಮಾಡಿಕೊಳ್ಳುತ್ತಾರೆ, ಅದಕ್ಕೇ ಆರು ವರ್ಷದ ಲೆಕ್ಕ ಹೇಳಿದ್ದು. ಉಳಿದಂತೆ ಹಗುರ, ಬಿದ್ದರೆ ಒಡೆಯಲ್ಲ, ತುಳಿದರೂ ಏನಾಗಲ್ಲ, ಇಲಿಗೂ ರುಚಿಯಿಲ್ಲ.

ಭತ್ತದ ಹುಲ್ಲಿನ ನಕ್ಷತ್ರದ ಬಗ್ಗೆ ಆಸೆ ಇಟ್ಟುಕೊಂಡವರು ಬಹಳ. ಜರ್ಮನಿಯಲ್ಲಿ ಹುಲ್ಲಿನ ನಕ್ಷತ್ರ ಕ್ರಿಸ್‌ಮಸ್‌ಗೆ ಹಳೆಯ ಪದ್ಧತಿ. ನಮ್ಮಲ್ಲಿ ತುಂಗಭದ್ರಾ ನೀರು ಹರಿಯುವ ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಡಿಸೆಂಬರ್ ಹೊತ್ತಿಗೆ ಕೊಯ್ಲಿನ ಹುಲ್ಲಿಗೆ ಬರವಿಲ್ಲ. ಹುಲ್ಲನ್ನು ಅರ್ಧ ಗಂಟೆ ನೆನೆಸಿ, ಉಗುರಿನಿಂದ ಸೀಳಿ, ಇಸ್ತ್ರಿ ಹಾಕಿದರೆ ಬಂಗಾರದ ಹೊಳಪು ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜರ್ಮನಿಯವರು ಬಳಸುವ ಗೋಧಿ, ರೈ ಧಾನ್ಯದ ಹುಲ್ಲು ಗಟ್ಟಿ. ಭತ್ತದ್ದು ಮೆತ್ತಗೆ, ದಾರ ಬಿಗಿದರೆ ಕಿತ್ತುಬರುತ್ತದೆ. ಅದರ ಮೇಲೆ ಕೊಯ್ಲು ಯಂತ್ರದಿಂದ ಬಂದ ಹುಲ್ಲಾದರೆ ಜಜ್ಜಿ ಚೂರಾಗಿರುತ್ತದೆ, ಕೈಯಲ್ಲಿ ಕೊಯ್ದ ಗದ್ದೆಯನ್ನೇ ಹುಡುಕಬೇಕು. ಹತ್ತು ವರ್ಷ ದಾಟಿದ, ತಾಳ್ಮೆ ಇರುವ ಹುಡುಗಿಯರು ಒಂದೆರಡು ಮಾಡಿಯಾರು. ಬಾಕಿಯವರು ಹುಲ್ಲನ್ನು ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಹಾಸಿ ಸುಮ್ಮನಾಗುವುದು ವಾಸಿ.

ಜೋಳದ ದಂಟಿನ ವಿಷಯಕ್ಕೆ ಬಂದರೆ ನಾನು ಪಕ್ಷಪಾತಿ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಹಳ್ಳಿಗಳಲ್ಲಿ ಬೆಳೆದ ಯಾರನ್ನು ಬೇಕಾದರೂ ಕೇಳಿ, ದಂಟಿನ ಬಂಡಿ ಮಾಡಿ ಆಡಿರುತ್ತಾರೆ, ದಂಟಿನ ಕನ್ನಡಕ ಹಾಕಿಕೊಂಡು ಮೇಷ್ಟ್ರ ಥರ ತಿರುಗಿರುತ್ತಾರೆ. ಸಾಮಾನು ಅದೇ, ಕೌಶಲ್ಯವೂ ಅದೇ. ಬಣವೆಯಿಂದ ಚೆನ್ನಾಗಿ ಒಣಗಿದ ದಂಟು ಎಳೆದುಕೊಳ್ಳಿ. ಕೆಂಪು ಕಲೆ, ತೂತು ಇದ್ದರೆ ಹುಳ ಕೊರೆದಿದೆ ಅಂತ ಅರ್ಥ, ಅದನ್ನು ಬಿಡಿ. ಮೇಲಿನ ಸಿಪ್ಪೆ ಸುಲಿದರೆ ಒಳಗೆ ಬಿಳಿ ಬೆಂಡು. ಬೆಂಡು ಬ್ಲೇಡಿನಲ್ಲಿ ಸಲೀಸಾಗಿ ಕತ್ತರಿಸುತ್ತದೆ, ಸಿಪ್ಪೆಯ ಸೀಳು ಅದರೊಳಗೆ ಮೊಳೆಯಂತೆ ಇಳಿಯುತ್ತದೆ. ಅಂಟು ಬೇಡ, ದಾರ ಬೇಡ, ಒಂದು ಪೈಸೆ ಖರ್ಚಿಲ್ಲ.

ಹೆಬ್ಬೆರಳಿನ ಗೆಣ್ಣಿನಷ್ಟು ಬೆಂಡನ್ನು ನಡುವೆ ಹಿಡಿದು ಸುತ್ತಲೂ ಎಲ್ಲ ದಿಕ್ಕಿಗೂ ಸೀಳು ಚುಚ್ಚಿ, ಒಂದೊಂದು ತುದಿಗೂ ಕಡಲೆ ಗಾತ್ರದ ಬೆಂಡು ಸಿಕ್ಕಿಸಿದರೆ ಎಲ್ಲ ಕಡೆ ಕಿರಣ ಚಾಚಿದ ನಕ್ಷತ್ರ. ಚರ್ಚುಗಳಲ್ಲಿ ತೂಗುಹಾಕುವ ಬಹುಮೂಲೆಯ ಮೊರೇವಿಯನ್ ನಕ್ಷತ್ರ ನೋಡಿದ್ದೀರಲ್ಲ, ಅದು 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಊರಿನ ಶಾಲೆಯಲ್ಲಿ ಹುಡುಗರಿಗೆ ಜ್ಯಾಮಿತಿ ಕಲಿಸಲು ಮಾಡಿಸಿದ ಕಾಗದದ ಕೆಲಸವಾಗಿತ್ತು. ಅದನ್ನು ಕಾಗದದಲ್ಲಿ ಮಡಿಸಿ ಮುಗಿಸಲು ಹೈಸ್ಕೂಲ್ ಮಕ್ಕಳೇ ಬೇಕು. ದಂಟಿನಲ್ಲಿ ಅದರ ತಮ್ಮನನ್ನು ಮೂರನೇ ಕ್ಲಾಸಿನವರು ಮಾಡುತ್ತಾರೆ. ಬೆಂಡನ್ನು ಕುಂಕುಮದ ನೀರಿನಲ್ಲೋ ಅರಿಶಿನದ ನೀರಿನಲ್ಲೋ ಅದ್ದಿದರೆ ಬಣ್ಣ ಹೀರಿಕೊಳ್ಳುತ್ತದೆ, ಬ್ರಷ್ ಕೂಡ ಬೇಡ.

ಭಾರದ ಮಾತೇ ಇಲ್ಲ, ಸರ್ವೆಯ ತುತ್ತತುದಿಯ ಎಳೆಯೂ ಬಾಗುವುದಿಲ್ಲ. ಎಚ್ಚರ ಬೇಕಿರುವುದು ಸಿಪ್ಪೆಯ ಬಗ್ಗೆ. ಅದರ ಅಂಚು ಬೆರಳನ್ನು ಸರ್ರನೆ ಕೊಯ್ಯುತ್ತದೆ, ಎಂಟು ವರ್ಷದೊಳಗಿನವರಿಗೆ ದೊಡ್ಡವರೇ ಸುಲಿದು ಕೊಡಬೇಕು. ಬ್ಲೇಡಂತೂ ಮಕ್ಕಳ ಕೈಗೆ ಕೊಡುವ ಪ್ರಶ್ನೆಯೇ ಇಲ್ಲ. ಇನ್ನು ಬಾಳಿಕೆ ಕಡಿಮೆ. ಒಂದು ವರ್ಷ ಇಟ್ಟರೆ ಬೆಂಡು ಪುಡಿ ಉದುರುತ್ತದೆ. ಉದುರಲಿ ಬಿಡಿ, ಮರುವರ್ಷ ಬಣವೆ ಇರುತ್ತದೆ. ಮಕ್ಕಳು ಸುಮ್ನೆ ನಕ್ಷತ್ರಕ್ಕೇ ನಿಲ್ಲುವುದಿಲ್ಲ ಅನ್ನುವುದು ಇದರ ದೊಡ್ಡ ಗುಣ. ನಮ್ಮ ಮರದಲ್ಲಿ ಎರಡು ಗಾಲಿಯ ಬಂಡಿ, ಒಂಟೆ ಅಂತ ಹೇಳಿಕೊಳ್ಳುವ ಎತ್ತು, ಕನ್ನಡಕ ಎಲ್ಲವೂ ತೂಗಿವೆ. ಹಿಟ್ಟು, ಜೀನ್ಸಿನಲ್ಲಿ ನಾವು ಕೊಟ್ಟ ಆಕಾರ ಮಾಡುತ್ತಾರೆ, ದಂಟಿನಲ್ಲಿ ತಮ್ಮದನ್ನು ಮಾಡುತ್ತಾರೆ.

ಹಳೆಯ ಮದುವೆ ಕಾರ್ಡಿನ ಗಂಟೆ, ನಕ್ಷತ್ರವನ್ನು ಬೇರೆ ಲೆಕ್ಕ ಹಿಡಿಯಲಿಲ್ಲ. ಅದು ಎಲ್ಲರಿಗೂ ಗೊತ್ತಿರುವುದೇ, ಚೆನ್ನಾಗಿರುತ್ತದೆ, ಆದರೆ ಅದರಲ್ಲಿ ಮಜಾ ಬೇಗ ಮುಗಿಯುತ್ತದೆ. ಫೆವಿಕಾಲ್ ತರಲು ಮನಸ್ಸಿಲ್ಲದವರು ಹುಣಸೆ ಬೀಜದ ಅಂಟು ಮಾಡಿಕೊಳ್ಳಬಹುದು: ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ, ನೀರಲ್ಲಿ ಕುದಿಸುವುದು. ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಮರದ ಹೊಟ್ಟಿಗೆ ಹುಣಸೆ ಬೀಜದ ಅಂಟನ್ನೇ ಕಲಸುತ್ತಾರೆ, ಹಿಡಿತದ ಬಗ್ಗೆ ಅನುಮಾನ ಬೇಡ.

ಯಾವುದನ್ನು ಆರಿಸಿದರೂ ದಿನ ನೋಡಿಕೊಳ್ಳಿ. ಹಿಟ್ಟಿನದಾದರೆ 18, 19ನೇ ತಾರೀಖಿಗೇ ಒತ್ತಿ ಮಾಳಿಗೆ ಸೇರಬೇಕು, ಒಣಗಿದ ಮೇಲೆ ಬಣ್ಣಕ್ಕೆ ಒಂದು ದಿನ, ವಾರ್ನಿಶ್‌ಗೆ ಇನ್ನೊಂದು. ಜೀನ್ಸಿಗೆ ಒಂದು ರಾತ್ರಿ ಸಾಕು. ದಂಟನ್ನು 24ರ ಸಂಜೆ ಹಿಡಿದು ಕೂತರೂ ಪ್ರಾರ್ಥನೆಗೆ ಹೊರಡುವ ಮೊದಲು ಮರ ತುಂಬಿರುತ್ತದೆ.