ಗಿಟಾರ್‌ನಲ್ಲಿ ಜಿ, ಎ, ಎಫ್... ಒಂದೇ ಕಾರ್ಡ್‌ಗೆ ಯಾವ ಬೆರಳು? ಎಲ್ಲಾ ರೀತಿ ಹಾಕಿ ನೋಡಿ ಬರೆದ ಹೋಲಿಕೆ

ಗಿಟಾರ್‌ನ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಹೇಗೆ ಹಿಡೀಬೇಕು ಅಂತ ತೋರಿಸೋ ಚಾರ್ಟ್‌ನಲ್ಲಿ ಚುಕ್ಕೆ ಮೇಲೆ 1, 2, 3, 4 ಅಂತ ನಂಬರ್ ಇರುತ್ತಲ್ಲ, ಹೊಸಬರು ಅದನ್ನ ನೋಡಿ ಹಾಗೇ ಬೆರಳಿಟ್ಟು ಅಭ್ಯಾಸ ಮಾಡ್ತಾರೆ, ಆಮೇಲೆ ಇನ್ನೊಂದು ಚಾರ್ಟ್‌ನಲ್ಲಿ ಅದೇ ಜಿ ಕಾರ್ಡ್‌ಗೆ ಬೇರೆ ನಂಬರ್ ಕಂಡ್ರೆ ಯಾವ್ದು ಸರಿ ಅಂತ ಗೊಂದಲ ಆಗುತ್ತೆ. ಎರಡೂ ಸರಿನೇ. ಬರೋ ಸ್ವರಗಳೂ ಅವೇ. ಆದ್ರೆ ನುಡಿಸೋವಾಗ ಎರಡೂ ಒಂದೇ ಥರ ಇರಲ್ಲ, ಯಾಕಂದ್ರೆ ಕಾರ್ಡ್ ಒಂಟಿಯಾಗಿ ಬರಲ್ಲ, ಹಿಂದೊಂದು ಮುಂದೊಂದು ಇದ್ದೇ ಇರುತ್ತೆ. ಬೆರಳು ಯಾವ್ದು ಅನ್ನೋದನ್ನ ಈಗ ಹಿಡಿದಿರೋ ಕಾರ್ಡ್‌ಗಿಂತ ಜಾಸ್ತಿ ಮುಂದೆ ಬರೋ ಕಾರ್ಡೇ ತೀರ್ಮಾನ ಮಾಡುತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಾನು ನೋಡಿದ ರೀತಿ ಸಿಂಪಲ್. ಒಂದೇ ಕಾರ್ಡ್‌ನ ಬೇರೆ ಬೇರೆ ರೀತಿ ಹಿಡಿದು, ಅದರ ಜೊತೆ ಮಾಮೂಲಿ ಬರೋ ಕಾರ್ಡ್‌ಗಳಿಗೆ ಹೋಗಿ ಬರೋದು, ಮೆಟ್ರೊನೋಮ್ (ತಾಳ ಬಡಿಯೋ ಯಂತ್ರ) ನಿಮಿಷಕ್ಕೆ 60 ಬೀಟ್‌ಗೆ ಇಟ್ಟು ಒಂದು ಕಾರ್ಡ್‌ಗೆ ನಾಲ್ಕು ಬೀಟ್, ಆಮೇಲೆ 80, ಆಮೇಲೆ 100, ಯಾವ ರೀತಿ ಮೊದಲು ತಾಳ ತಪ್ಪುತ್ತೆ ಅಂತ ನೋಡೋದು. ಅದರ ಜೊತೆ ಎಲ್ಲಾ ತಂತಿನೂ ಕ್ಲಿಯರ್ ಆಗಿ ಕೇಳುತ್ತಾ, ಉದ್ದ ಹಾಡಲ್ಲಿ ಕೈ ಸೋಲುತ್ತಾ ಅನ್ನೋದೂ ಗಮನಿಸಿದೆ.

ಮುಂದೆ ಓದೋಕೆ ಮುಂಚೆ ಲೆಕ್ಕ ಒಂದು ಹೇಳ್ಬಿಡ್ತೀನಿ: 1 ತೋರುಬೆರಳು, 2 ನಡುಬೆರಳು, 3 ಉಂಗುರಬೆರಳು, 4 ಕಿರುಬೆರಳು. ತಂತಿಗಳಲ್ಲಿ ತೆಳ್ಳಗಿರೋದು ಒಂದನೇದು, ಎಲ್ಲಕ್ಕಿಂತ ದಪ್ಪದ್ದು ಆರನೇದು. ಕೆಳಗೆ ಬೆರಳುಗಳನ್ನ ದಪ್ಪ ತಂತಿ ಕಡೆಯಿಂದಾನೇ ಬರೀತಾ ಹೋಗ್ತೀನಿ, ಟ್ಯೂನಿಂಗ್ ಮಾಮೂಲಿ ಸ್ಟ್ಯಾಂಡರ್ಡ್, ಅಂದ್ರೆ ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ. ಫ್ರೆಟ್ ಅಂದ್ರೆ ಗಿಟಾರ್‌ನ ನೆಕ್ ಮೇಲೆ ಅಡ್ಡಕ್ಕಿರೋ ಕಂಬಿಗಳ ನಡುವಿನ ಜಾಗ.

ಮೊದಲು ಜಿ ಮೇಜರ್, ಯಾಕಂದ್ರೆ ಜಗಳ ಜಾಸ್ತಿ ಇರೋದೇ ಇಲ್ಲಿ. ಆರನೇ ತಂತಿ ಮೂರನೇ ಫ್ರೆಟ್, ಐದನೇ ತಂತಿ ಎರಡನೇ ಫ್ರೆಟ್, ಒಂದನೇ ತಂತಿ ಮೂರನೇ ಫ್ರೆಟ್. ಇದನ್ನ 2-1-3 ಅಂತ ಹಿಡೀಬಹುದು, 3-2-4 ಅಂತಾನೂ ಹಿಡೀಬಹುದು. 2-1-3 ಕೈಗೆ ಬೇಗ ಕೂರುತ್ತೆ, ಗಟ್ಟಿ ಬೆರಳುಗಳೇ ಕೆಲಸ ಮಾಡ್ತವೆ, ಕಿರುಬೆರಳಿಗೆ ರಜೆ. ಮೊದಲ ವಾರಗಳಲ್ಲಿ ಇದೇ ಚೆನ್ನಾಗಿ ಕೇಳ್ಸುತ್ತೆ ಅನ್ನೋದು ನಿಜ. ಆದ್ರೆ ಇಲ್ಲಿಂದ ಸಿ ಮೇಜರ್‌ಗೆ ಹೋಗಿ ನೋಡಿ. ಒಂದನೇ ತಂತಿ ಮೇಲಿರೋ ಉಂಗುರಬೆರಳು ಅಲ್ಲಿಂದ ಎದ್ದು ಐದನೇ ತಂತಿಗೆ ಹೋಗ್ಬೇಕು, ಐದರಲ್ಲಿರೋ ತೋರುಬೆರಳು ಎರಡನೇ ತಂತಿಗೆ ಬರ್ಬೇಕು, ನಡುಬೆರಳು ಆರರಿಂದ ನಾಲ್ಕಕ್ಕೆ ಹಾರ್ಬೇಕು, ಅಂದ್ರೆ ಮೂರೂ ಬೆರಳು ಒಂದನ್ನೊಂದು ದಾಟ್ಕೊಂಡು ಓಡಾಡ್ತವೆ, ಅದೇ ಬೀಟ್‌ನಲ್ಲಿ.

3-2-4 ಹಿಡಿದು ಅದೇ ಸಿ ಗೆ ಹೋದ್ರೆ ಏನಾಗುತ್ತೆ ಅಂದ್ರೆ, ಉಂಗುರಬೆರಳು ಆರರಿಂದ ಐದಕ್ಕೆ, ನಡುಬೆರಳು ಐದರಿಂದ ನಾಲ್ಕಕ್ಕೆ, ಎರಡೂ ಒಂದೊಂದೇ ತಂತಿ ಕೆಳಗೆ ಇಳೀತವೆ, ಫ್ರೆಟ್ ಕೂಡ ಅವೇ. ಆ ಎರಡು ಬೆರಳಿನ ಆಕಾರ ಬದಲಾಗೋದೇ ಇಲ್ಲ! ಕಿರುಬೆರಳು ಎತ್ತಿ ತೋರುಬೆರಳು ಎರಡನೇ ತಂತಿ ಮೊದಲ ಫ್ರೆಟ್‌ಗೆ ಇಟ್ರೆ ಮುಗೀತು. 60ರಲ್ಲಿ ಎರಡು ರೀತಿಗೂ ಅಂಥಾ ವ್ಯತ್ಯಾಸ ಗೊತ್ತಾಗಲ್ಲ, 100ಕ್ಕೆ ಹೋದಾಗ ಮೊದಲನೇದು ಎಡವುತ್ತೆ, ಎರಡನೇದು ಆರಾಮಾಗಿ ಹೋಗುತ್ತೆ. ಜಿ ಯಿಂದ ಜಿ 7 ಗೂ 3-2-4 ಅದ್ಭುತ, ಕಿರುಬೆರಳು ತೆಗೆದು ತೋರುಬೆರಳನ್ನ ಒಂದನೇ ತಂತಿ ಮೊದಲ ಫ್ರೆಟ್‌ಗೆ ಇಟ್ರೆ ಸಾಕು, ಉಳಿದ ಎರಡು ಅಲ್ಲಾಡಲ್ಲ.

ಹಾಗಂತ 2-1-3 ಬೇಡ್ವೇ ಬೇಡ ಅಂತಲ್ಲ. ಜಿ ಯಿಂದ ಡಿ ಗೆ ಹೋಗೋ ಹಾಡಾದ್ರೆ ಅದಕ್ಕೂ ಒಂದು ಅನುಕೂಲ ಇದೆ, ಉಂಗುರಬೆರಳು ಒಂದನೇ ತಂತಿಯಿಂದ ಪಕ್ಕದ ಎರಡನೇ ತಂತಿಗೆ ಬಂದ್ರಾಯ್ತು, ಫ್ರೆಟ್ ಅದೇ ಮೂರನೇದು. ಸಿ ಬರದೇ ಇರೋ ಹಾಡಿಗೆ ಇದನ್ನ ಧೈರ್ಯವಾಗಿ ಇಟ್ಕೊಳ್ಳಿ.

ಮೂರನೇ ರೀತಿ ನಾಲ್ಕು ಬೆರಳಿನ ಜಿ: 2-1, ಆಮೇಲೆ ಎರಡನೇ ತಂತಿ ಮೂರನೇ ಫ್ರೆಟ್‌ಗೆ 3, ಒಂದನೇ ತಂತಿ ಮೂರನೇ ಫ್ರೆಟ್‌ಗೆ 4. ಇದು ಬರೀ ಬೆರಳಿನ ಬದಲಾವಣೆ ಅಲ್ಲ, ಧ್ವನಿನೂ ಬದಲಾಗುತ್ತೆ. ಜಿ ಯನ್ನ ಷಡ್ಜ ಅಂದ್ಕೊಂಡ್ರೆ ಎರಡನೇ ಖಾಲಿ ತಂತಿ ಬಿ, ಅದು ಅಂತರ ಗಾಂಧಾರ. ಅಲ್ಲಿ ಮೂರನೇ ಫ್ರೆಟ್ ಒತ್ತಿದ್ರೆ ಡಿ ಬರುತ್ತೆ, ಅದು ಪಂಚಮ. ಹಾಗಾಗಿ ಗಾಂಧಾರ ಐದನೇ ತಂತಿಯಲ್ಲಿ ಮಾತ್ರ ಉಳಿಯುತ್ತೆ, ಕಾರ್ಡ್ ಸ್ವಲ್ಪ ಬಿಡುಬೀಸಾಗಿ ಅಗಲವಾಗಿ ಕೇಳುತ್ತೆ. ಇದರ ನಿಜವಾದ ಲಾಭ ಗೊತ್ತಾಗೋದು ಸಿ ಬದಲು ಸಿ ಆಡ್ 9, ಇ ಮೈನರ್ ಬದಲು ಇ ಮೈನರ್ 7 ನುಡಿಸಿದಾಗ. 3 ಮತ್ತು 4 ಹಾಕಿದ ಜಾಗ ಬಿಟ್ಟು ಏಳೋದೇ ಇಲ್ಲ, ಬರೀ ನಡುಬೆರಳು ತೋರುಬೆರಳು ಓಡಾಡ್ತವೆ. ಡಿ ಸಸ್ 4 ಗೂ ಅಷ್ಟೇ, ಡಿ ಬೇಕಾದ್ರೆ ಉಂಗುರಬೆರಳು ಅಲ್ಲೇ ಇದ್ದು ಕಿರುಬೆರಳು ಎದ್ದು ನಡುಬೆರಳು ಬರುತ್ತೆ. ಜೋರಾಗಿ ಸ್ಟ್ರಮ್ ಮಾಡೋ (ತಂತಿಗಳನ್ನ ಒಟ್ಟಿಗೆ ಬಾರಿಸೋ) ಹಾಡಿಗೆ ನನ್ನ ಓಟು ಇದಕ್ಕೇ. ನಿಧಾನವಾಗಿ ಒಂದೊಂದೇ ತಂತಿ ಮೀಟಿ ಮೆತ್ತಗೆ ಹಾಡೋ ಹಾಡಿಗೆ ಮಾತ್ರ ಆ ಎರಡನೇ ತಂತಿಯ ಗಾಂಧಾರ ಇಲ್ಲದೆ ಏನೋ ಖಾಲಿ ಅನ್ಸುತ್ತೆ, ಅಲ್ಲಿ 3-2-4 ಗೇ ವಾಪಸ್ ಬರ್ತೀನಿ.

ಇ ಮೈನರ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಐದು ಮತ್ತು ನಾಲ್ಕನೇ ತಂತಿ, ಎರಡೂ ಎರಡನೇ ಫ್ರೆಟ್, ಇದಕ್ಕೆ 1-2, 2-3 ಎರಡೂ ಕಲೀಲೇಬೇಕು, ಬೇರೆ ದಾರಿ ಇಲ್ಲ. 1-2 ಹಿಡಿದ್ರೆ ನಡುಬೆರಳು ನಾಲ್ಕನೇ ತಂತಿ ಎರಡನೇ ಫ್ರೆಟ್‌ನಲ್ಲಿ ಇರುತ್ತೆ, ಸಿ ಮೇಜರ್ ಮತ್ತು ಎ ಮೈನರ್ ಎರಡರಲ್ಲೂ ಅದು ಇರೋ ಜಾಗ ಅದೇ, ಅಲ್ಲಾಡಿಸೋ ಹಂಗೇ ಇಲ್ಲ. 2-3 ಹಿಡಿದ್ರೆ ತೋರುಬೆರಳು ಖಾಲಿ, ಮೂರನೇ ತಂತಿ ಮೊದಲ ಫ್ರೆಟ್‌ಗೆ ಇಟ್ಟ ತಕ್ಷಣ ಇ ಮೇಜರ್. ಬಿ 7 ಗೆ, ಆಮೇಲೆ 3-2-4 ಜಿ ಗೆ ಹೋಗೋಕೂ ಇದೇ ಒಳ್ಳೇದು, ಐದನೇ ತಂತಿ ಮೇಲಿನ ನಡುಬೆರಳು ಅಲ್ಲೇ ನಿಲ್ಲುತ್ತೆ.

ಈಗ ಎ ಮೇಜರ್. ನಾಲ್ಕು, ಮೂರು, ಎರಡನೇ ತಂತಿ, ಮೂರೂ ಎರಡನೇ ಫ್ರೆಟ್‌ನಲ್ಲೇ. 650 ಮಿಲಿಮೀಟರ್ ತಂತಿ ಉದ್ದದ ಗಿಟಾರ್‌ನಲ್ಲಿ ಆ ಫ್ರೆಟ್ ಜಾಗ ಸುಮಾರು 34 ಮಿಲಿಮೀಟರ್, ಅದರೊಳಗೆ ಮೂರು ಬೆರಳು ಕೂರ್ಬೇಕು. ಚಾರ್ಟ್‌ಗಳಲ್ಲಿ ಸಾಮಾನ್ಯವಾಗಿ ಕಾಣೋದು 1-2-3. ನೋಡೋಕೆ ನೀಟಾಗಿದೆ, ಆದ್ರೆ ಕೈ ಸಹಜವಾಗಿ ಓರೆಯಾಗಿ ಬರೋದ್ರಿಂದ ತೋರುಬೆರಳು ಫ್ರೆಟ್ ಕಂಬಿಯಿಂದ ದೂರ ಹಿಂದೆ ಉಳ್ಕೊಳ್ಳುತ್ತೆ, ಕಂಬಿಯಿಂದ ದೂರ ಒತ್ತಿದಷ್ಟೂ ಜಾಸ್ತಿ ಬಲ ಬೇಕು, ಬಲ ಕಮ್ಮಿ ಆದ್ರೆ ನಾಲ್ಕನೇ ತಂತಿ ಕಿರಕಿರ ಅನ್ನುತ್ತೆ.

2-1-3 ಹಿಡಿದಾಗ್ಲೂ ತೋರುಬೆರಳು ಸ್ವಲ್ಪ ಹಿಂದೇನೇ ಇರುತ್ತೆ, ಅದನ್ನ ಮುಚ್ಚಿಡಲ್ಲ, ಆದ್ರೆ ಅದು ಮೂರನೇ ತಂತಿ ಮೇಲಿದೆ ಅನ್ನೋದೇ ಇದರ ಇಡೀ ಗುಟ್ಟು. ಡಿ ಮೇಜರ್‌ನಲ್ಲಿ ತೋರುಬೆರಳು ಮೂರನೇ ತಂತಿ ಎರಡನೇ ಫ್ರೆಟ್, ಅಂದ್ರೆ ಅದೇ ಜಾಗ. ಇ ಮೇಜರ್‌ನಲ್ಲಿ ಮೂರನೇ ತಂತಿ ಮೊದಲ ಫ್ರೆಟ್, ಅಂದ್ರೆ ತಂತಿ ಬಿಡದೇ ಒಂದು ಫ್ರೆಟ್ ಜಾರಿದ್ರೆ ಸಾಕು. ಎ, ಡಿ, ಇ ಮೂರೇ ಕಾರ್ಡ್‌ನಲ್ಲಿ ಎಷ್ಟು ಹಾಡು ಇವೆ ಯೋಚಿಸಿ, ಅಷ್ಟೂ ಹಾಡಲ್ಲಿ ತೋರುಬೆರಳು ಮೂರನೇ ತಂತಿ ಬಿಟ್ಟು ಏಳೋದೇ ಬೇಡ, ಕತ್ತಲಲ್ಲಿ ಗೋಡೆ ಹಿಡ್ಕೊಂಡು ನಡೆದ ಹಾಗೆ ಕೈಗೆ ಒಂದು ಆಧಾರ ಸಿಗುತ್ತೆ. ಇದಿಷ್ಟೇ ಅಲ್ಲ, ತೋರುಬೆರಳು ಎತ್ತಿದ್ರೆ ಎ 7, ಒಂದು ಫ್ರೆಟ್ ಹಿಂದೆ ಜಾರಿಸಿದ್ರೆ ಎ ಮೇಜರ್ 7, ಉಳಿದ ಎರಡು ಬೆರಳು ಇದ್ದಲ್ಲೇ. ನನ್ನ ಪ್ರಕಾರ ಈ ಹೋಲಿಕೆಯಲ್ಲಿ ಸ್ಪಷ್ಟವಾಗಿ ಗೆದ್ದ ರೀತಿ ಅಂದ್ರೆ ಇದೊಂದೇ. ಹೊಸಬರಿಗೆ ಮೊದಲ ದಿನದಿಂದಾನೇ ಇದನ್ನ ಹೇಳಿಕೊಡಿ ಅಂತ ಕಲಿಸೋರಿಗೆ ಕೇಳ್ಕೊಳ್ತೀನಿ.

2-3-4 ಎ ಅನ್ನೋದೂ ಒಂದಿದೆ, ಜಾಸ್ತಿ ಜನ ಹಿಡಿಯಲ್ಲ. ಎ ಮೇಜರ್‌ನಿಂದ ಎ ಮೈನರ್‌ಗೆ ಅಲ್ಲೇ ತಿರುಗೋ ಹಾಡು ಬಂದ್ರೆ ಇದರಷ್ಟು ಚೆನ್ನಾಗಿ ಬೇರೆ ಯಾವ್ದೂ ಕೂರಲ್ಲ, ಕಿರುಬೆರಳು ಎದ್ದು ತೋರುಬೆರಳು ಎರಡನೇ ತಂತಿ ಮೊದಲ ಫ್ರೆಟ್‌ಗೆ ಬಂತು ಅಂದ್ರೆ ಎ ಮೈನರ್ ಆಯ್ತು. ತೋರುಬೆರಳೊಂದನ್ನೇ ಮಲಗಿಸಿ ಮೂರೂ ತಂತಿ ಒತ್ತೋ ರೀತಿಯಲ್ಲಿ ತೊಂದರೆ ಏನಂದ್ರೆ ಒಂದನೇ ತಂತಿನೂ ಒತ್ತಿಹೋದ್ರೆ ಅಲ್ಲಿ ಎಫ್ ಶಾರ್ಪ್ ಬಂದು ಕಾರ್ಡು ಎ 6 ಆಗಿಬಿಡುತ್ತೆ, ತಪ್ಪಿಸೋಕೆ ಬೆರಳಿನ ಗಂಟು ಹಿಂದಕ್ಕೆ ಬಾಗ್ಬೇಕು, ಎಲ್ಲರ ಬೆರಳೂ ಹಾಗೆ ಬಾಗಲ್ಲ. ಆದ್ರೆ ಕ್ಯಾಪೋ (ಎಲ್ಲಾ ತಂತಿನೂ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್) ಐದನೇ ಫ್ರೆಟ್‌ಗೆ ಹಾಕಿದಾಗ ಎ ಆಕಾರ ಬರೋದು ಏಳನೇ ಫ್ರೆಟ್‌ನಲ್ಲಿ, ಅಲ್ಲಿ ಜಾಗ 26 ಮಿಲಿಮೀಟರ್ ಹತ್ರ ಹತ್ರ, ಮೂರು ಬೆರಳು ಒಂದರ ಮೇಲೊಂದು ಹತ್ತಿ ಕೂರ್ತವೆ. ಅಲ್ಲಿ ಮಾತ್ರ ಒಂದೇ ಬೆರಳು ಮಲಗಿಸೋದು ವಾಸಿ.

ಡಿ ಮೇಜರ್‌ಗೆ 1-3-2 ಬಿಟ್ಟು ಬೇರೆ ಹುಡುಕೋ ಅಗತ್ಯ ನನಗೆ ಕಾಣ್ಲಿಲ್ಲ. ತೋರುಬೆರಳು ಮಲಗಿಸಿ ಉಂಗುರಬೆರಳು ಇಡೋ ರೀತಿಯಲ್ಲಿ ನಡುಬೆರಳು ಎತ್ತಿ ಡಿ ಸಸ್ 2 ಮಾಡೋ ಸುಖ ಹೋಗುತ್ತೆ.

ಎಫ್ ಗೆ ಬರೋಣ, ಬಹಳ ಜನ ಗಿಟಾರ್ ಮೂಲೆಗೆ ಇಡೋದು ಈ ಕಾರ್ಡ್ ಕಾಣಿಸ್ಕೊಂಡ ಮೇಲೆ. ಪೂರ್ತಿ ಬಾರ್ ಕಾರ್ಡ್ (ತೋರುಬೆರಳು ಆರೂ ತಂತಿ ಮೇಲೆ ಅಡ್ಡ ಮಲಗಿಸೋದು), ನಾಲ್ಕು ತಂತಿಯ ಚಿಕ್ಕ ಎಫ್, ಹೆಬ್ಬೆರಳಿನ ಎಫ್, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಚಿಕ್ಕ ಎಫ್ ಅಂದ್ರೆ ನಾಲ್ಕನೇ ತಂತಿ ಮೂರನೇ ಫ್ರೆಟ್‌ಗೆ 3, ಮೂರನೇ ತಂತಿ ಎರಡನೇ ಫ್ರೆಟ್‌ಗೆ 2, ಆಮೇಲೆ ಕೊನೆಯ ಎರಡು ತಂತಿಗೆ ಮೊದಲ ಫ್ರೆಟ್‌ನಲ್ಲಿ ತೋರುಬೆರಳು ಮಲಗಿಸೋದು. ಸಿ ಯಿಂದ ಇದಕ್ಕೆ ಬರೋದು ನೋಡಿ, ಉಂಗುರಬೆರಳು ನಡುಬೆರಳು ಮತ್ತೆ ಒಂದೊಂದು ತಂತಿ ಕೆಳಗೆ, ತೋರುಬೆರಳು ಇದ್ದಲ್ಲೇ ಮಲಗುತ್ತೆ. ಅಂದ್ರೆ 3-2-4 ಜಿ, ಸಿ, ಚಿಕ್ಕ ಎಫ್, ಈ ಮೂರರಲ್ಲೂ ಆ ಎರಡು ಬೆರಳಿನ ಜೋಡಿ ಒಂದೇ ಆಕಾರದಲ್ಲಿ ಮೆಟ್ಟಿಲಿಳಿಯುತ್ತೆ! ಇದನ್ನ ಕೈಯಲ್ಲಿ ಅನುಭವಿಸಿದ ಮೇಲೆ 3-2-4 ಜಿ ಬಿಡೋಕೆ ಮನಸ್ಸೇ ಬರಲ್ಲ. ಕೊರತೆ ಅಂದ್ರೆ ತಳದಲ್ಲಿ ದಪ್ಪ ಎಫ್ ಇಲ್ಲ, ಆರನೇ ತಂತಿಗೆ ಸ್ಟ್ರಮ್ ತಾಗದ ಹಾಗೆ ನೋಡ್ಕೋಬೇಕು.

ಪೂರ್ತಿ ಬಾರ್‌ನಲ್ಲಿ ತಳ ಸಿಗುತ್ತೆ, ಅದೇ ಆಕಾರ ಮೇಲೆ ಜರುಗಿಸಿದ್ರೆ ಎಲ್ಲಾ ಮೇಜರ್ ಕಾರ್ಡೂ ಸಿಗ್ತವೆ, ಸಿ ಯಿಂದ ಬಂದ್ರೆ ಉಂಗುರಬೆರಳು ಐದನೇ ತಂತಿಯಲ್ಲಿ ಹಾಗೇ ಇರುತ್ತೆ. ಆದ್ರೆ ಮೊದಲ ಫ್ರೆಟ್ ನಟ್‌ಗೆ (ನೆಕ್ ತುದಿಯಲ್ಲಿ ತಂತಿಗಳು ಕೂರೋ ಪಟ್ಟಿ) ಅಂಟಿಕೊಂಡಿರೋದ್ರಿಂದ ಅಲ್ಲಿ ತಂತಿ ಬಗ್ಗಿಸೋಕೆ ಜಾಸ್ತಿ ಬಲ ಬೇಕು, ಅದಕ್ಕೇ ಬಾರ್ ಅನ್ನ ಮೊದಲು ಐದನೇ ಫ್ರೆಟ್‌ನಲ್ಲಿ ಕಲಿತು ಒಂದೊಂದೇ ಫ್ರೆಟ್ ಹಿಂದೆ ಬನ್ನಿ. ಹೆಬ್ಬೆರಳಿನ ಎಫ್‌ನಲ್ಲಿ ಹೆಬ್ಬೆರಳು ನೆಕ್ ಮೇಲಿಂದ ಬಗ್ಗಿ ಆರನೇ ತಂತಿ ಒತ್ತುತ್ತೆ, ಅದರ ತುದಿ ತಾಗಿ ಐದನೇದು ಮ್ಯೂಟ್ ಆಗುತ್ತೆ, ಉಳಿದದ್ದು ಚಿಕ್ಕ ಎಫ್ ಥರಾನೇ. ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹೆಬ್ಬೆರಳನ್ನ ಹೀಗೆ ಬಳಸ್ತಿದ್ರು, ಹಾಗೆ ಮಾಡಿದ್ರೆ ಕಿರುಬೆರಳು ಪೂರ್ತಿ ಖಾಲಿ ಸಿಗುತ್ತೆ, ಕಾರ್ಡ್ ಮಧ್ಯೆ ಸಣ್ಣ ಸಣ್ಣ ಸಂಗತಿ ಹಾಕಬಹುದು. ಆದ್ರೆ ಇದು ನೆಕ್ ಮೇಲೆ ನಿಂತಿದೆ. ನಟ್ ಹತ್ರ 43 ಮಿಲಿಮೀಟರ್ ಅಗಲ ಇರೋ ಸ್ಟೀಲ್ ತಂತಿ ಗಿಟಾರ್‌ನಲ್ಲಿ ಆರಾಮಾಗಿ ಬರುತ್ತೆ, 52 ಮಿಲಿಮೀಟರ್ ಅಗಲದ ಕ್ಲಾಸಿಕಲ್ ಗಿಟಾರ್‌ನಲ್ಲಿ ನನ್ನ ಹೆಬ್ಬೆರಳು ತಲುಪೋದೇ ಇಲ್ಲ, ಎಳೆದಾಡಿದ್ರೆ ಮಣಿಕಟ್ಟು ನೋಯುತ್ತೆ. ದಿನನಿತ್ಯಕ್ಕೆ ನಂದು ಚಿಕ್ಕ ಎಫ್, ಒಬ್ಬನೇ ನುಡಿಸಿ ಹಾಡೋವಾಗ ಬಾರ್, ಇನ್ನೊಬ್ಬರು ಬೇಸ್ ಗಿಟಾರ್ ನುಡಿಸ್ತಿದ್ರೆ ತಳದ ಎಫ್ ಅವರೇ ಕೊಡ್ತಾರೆ.

ಚಾರ್ಟ್‌ನಲ್ಲಿ ಹೀಗಿದೆ, ಹೀಗೇ ಹಿಡೀಬೇಕು ಅಂತ ಹಟ ಮಾಡೋರು ಜಾಜ್ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ಬಗ್ಗೆ ಸ್ವಲ್ಪ ಓದಿ. 1928ರ ಬೆಂಕಿ ಅನಾಹುತದಲ್ಲಿ ಅವರ ಎಡಗೈಯ ಉಂಗುರಬೆರಳು, ಕಿರುಬೆರಳು ಊನ ಆದ್ವು. ಆಮೇಲೆ ಸೋಲೋ ಎಲ್ಲಾ ಮುಖ್ಯವಾಗಿ ಎರಡೇ ಬೆರಳಲ್ಲಿ ನುಡಿಸಿದ್ರು, ಕಾರ್ಡ್‌ಗಳಿಗೆ ತಮ್ಮ ಕೈಗೆ ಒಗ್ಗೋ ಆಕಾರಗಳನ್ನ ತಾವೇ ಕಂಡ್ಕೊಂಡ್ರು. ಬೆರಳು ಗಿಡ್ಡ ಇರೋರು, ದಪ್ಪ ಇರೋರು, ಹಳೇ ಗಾಯ ಇರೋರು ನಂಬರ್ ಬದಲಾಯಿಸ್ಕೊಳ್ಳೋಕೆ ಯಾರ ಅನುಮತಿನೂ ಕೇಳ್ಬೇಕಿಲ್ಲ.

ಕೊನೇದು ಬಿ ಮೇಜರ್, ಎರಡನೇ ಫ್ರೆಟ್‌ಗೆ ತೋರುಬೆರಳು ಮಲಗಿಸಿ ನಾಲ್ಕನೇ ಫ್ರೆಟ್‌ನಲ್ಲಿ ನಾಲ್ಕು, ಮೂರು, ಎರಡನೇ ತಂತಿ. ಅಲ್ಲಿಗೆ 2-3-4 ಇಡೋದೋ ಅಥವಾ ಉಂಗುರಬೆರಳೊಂದನ್ನೇ ಮಲಗಿಸೋದೋ ಅನ್ನೋದೇ ಪ್ರಶ್ನೆ. ಮೂರು ಬೆರಳಿಟ್ರೆ ಒಂದನೇ ತಂತಿನೂ ಸ್ಪಷ್ಟವಾಗಿ ಮೊಳಗುತ್ತೆ, ಆದ್ರೆ ಇಕ್ಕಟ್ಟು, ವೇಗದಲ್ಲಿ ಮೂರೂ ಒಟ್ಟಿಗೆ ಇಳಿಯೋದು ಕಷ್ಟ. ಉಂಗುರಬೆರಳು ಮಲಗಿಸಿದ್ರೆ ಒಂದನೇ ತಂತಿ ಮ್ಯೂಟ್ ಆಗುತ್ತೆ, ಅದು ಎಫ್ ಶಾರ್ಪ್, ಬಿ ಯ ಪಂಚಮ, ಒಳಗೆ ನಾಲ್ಕನೇ ತಂತಿಯಲ್ಲಿ ಹೇಗೂ ಇದ್ದೇ ಇದೆ, ಹಾಗಾಗಿ ಕಾರ್ಡ್‌ಗೆ ದೊಡ್ಡ ನಷ್ಟ ಇಲ್ಲ. ಸ್ಟ್ರಮ್ಮಿಂಗ್‌ಗೆ ಉಂಗುರಬೆರಳು, ಒಂದೊಂದೇ ತಂತಿ ಮೀಟೋವಾಗ 2-3-4, ಹಾಗೇ ಇಟ್ಕೊಂಡಿದೀನಿ.